ತವರಿನ ಆಸ್ತಿಯ ಪಾಲು: ಯಾವಾಗ ಎದುರು ನಿಂತು ಕೇಳಬೇಕು, ಯಾವಾಗ ಸುಮ್ಮನಿರಬೇಕು

ಮದುವೆಯಾಗಿ ಹೋದ ಹೆಣ್ಣುಮಗಳು ತವರಿನ ಆಸ್ತಿಯ ಮಾತೆತ್ತುವುದು ನಮ್ಮಲ್ಲಿ ಇಂದಿಗೂ ಸಲೀಸಾದ ಸಂಗತಿಯಲ್ಲ. ಕೇಳಿದರೆ ಗೌರಿ ಹಬ್ಬಕ್ಕೆ ಕರೆಯುವವರು ಇರುವುದಿಲ್ಲ ಎಂಬ ಭಯ ಒಂದು ಕಡೆ, ಕೇಳದಿದ್ದರೆ ನ್ಯಾಯವಾಗಿ ಬರಬೇಕಾದದ್ದು ಕೈತಪ್ಪುತ್ತದೆ ಎಂಬ ಸಂಕಟ ಇನ್ನೊಂದು ಕಡೆ. ಹೀಗೆ ನಡುವೆ ಸಿಕ್ಕಿಕೊಂಡವರಿಗೆ "ಹೋಗಲಿ ಬಿಡು, ಅಣ್ಣತಮ್ಮಂದಿರು ಚೆನ್ನಾಗಿರಲಿ" ಎಂದು ಕೆಲವರು ಹೇಳಿದರೆ, "ಕೇಸು ಹಾಕು, ಬಿಡಬೇಡ" ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡೂ ಸಲಹೆಗಳಲ್ಲಿ ಒಂದೇ ಕೊರತೆಯಿದೆ. ಯಾವ ಮೌನದಿಂದ ಹಕ್ಕಿಗೆ ಧಕ್ಕೆಯಾಗುತ್ತದೆ, ಯಾವ ಮೌನದಿಂದ ಏನೂ ನಷ್ಟವಿಲ್ಲ ಎಂಬುದನ್ನು ಅವು ವಿಂಗಡಿಸುವುದಿಲ್ಲ. ಬಾಯಿ ಸುಮ್ಮನಿದ್ದರೂ ಹಕ್ಕು ಉಳಿಯುವ ಸಂದರ್ಭಗಳು ಬಹಳ ಇವೆ. ಬಾಯಿ ಎಷ್ಟು ಜೋರಾಗಿದ್ದರೂ ಕಾಗದ ಸುಮ್ಮನಿದ್ದ ಕಾರಣಕ್ಕೆ ಹಕ್ಕು ಹೋಗುವ ಸಂದರ್ಭಗಳೂ ಇವೆ. ಈ ವ್ಯತ್ಯಾಸ ತಿಳಿದರೆ ಜಗಳವಿಲ್ಲದೆ ಮುಗಿಯುವ ಪ್ರಕರಣಗಳು ಎಷ್ಟೋ ಇವೆ ಎಂಬುದು ನನ್ನ ದೃಢ ನಂಬಿಕೆ.

ಇಲ್ಲಿ ಹೇಳುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟ ಕುಟುಂಬಗಳಿಗೆ ಅನ್ವಯಿಸುತ್ತದೆ. ವೀರಶೈವರು, ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರು ಈ ಕಾಯ್ದೆಯೊಳಗೇ ಬರುತ್ತಾರೆ. ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯವಾಗುವುದರಿಂದ ಪಾಲಿನ ಲೆಕ್ಕ ಬೇರೆಯಾಗುತ್ತದೆ. ಆದರೆ ಯಾವಾಗ ಮಾತಾಡಬೇಕು, ಹೇಗೆ ಮಾತಾಡಬೇಕು ಎಂಬ ಭಾಗ ಅವರಿಗೂ ಬಹುಮಟ್ಟಿಗೆ ಉಪಯೋಗಕ್ಕೆ ಬರುತ್ತದೆ.

ಮೊದಲ ಹೆಜ್ಜೆ: ಕೇಳಲು ಹೊರಟದ್ದು ನಿಜವಾಗಿ ನಿಮ್ಮದೇ ಎಂದು ತಿಳಿಯುವುದು

ಹಕ್ಕಿಲ್ಲದ ಆಸ್ತಿಗಾಗಿ ಜಗಳಕ್ಕೆ ನಿಂತು ಸಂಬಂಧ ಕಳೆದುಕೊಂಡವರಿದ್ದಾರೆ. ಹಕ್ಕಿದ್ದೂ ಇಲ್ಲವೆಂದು ತಿಳಿದು ಸುಮ್ಮನಾದವರಂತೂ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ಮಾತಾಡುವ ನಿರ್ಧಾರಕ್ಕೆ ಮೊದಲು ಆಸ್ತಿ ಪಿತ್ರಾರ್ಜಿತವೋ ತಂದೆಯ ಸ್ವಯಾರ್ಜಿತವೋ ಎಂಬುದು ತಿಳಿಯಬೇಕು.

ತಂದೆ ಸ್ವಂತ ದುಡಿಮೆಯಿಂದ ಕೊಂಡ ಸೈಟು, ಮನೆ, ಜಮೀನು ಅವರ ಸ್ವಯಾರ್ಜಿತ. ಅದನ್ನು ಅವರು ಬದುಕಿರುವಾಗ ಯಾರಿಗೆ ಬೇಕಾದರೂ ಮಾರಬಹುದು, ದಾನ ಕೊಡಬಹುದು, ವಿಲ್ ಬರೆದಿಡಬಹುದು. ಸರಿಯಾದ ವಿಲ್ ಇದ್ದು, ಅದರಲ್ಲಿ ಮಗಳ ಹೆಸರಿಲ್ಲದಿದ್ದರೆ ಆ ಆಸ್ತಿಯಲ್ಲಿ ಕೇಳಲು ಏನೂ ಉಳಿಯುವುದಿಲ್ಲ. ವಿಲ್ ಇಲ್ಲದೆ ತಂದೆ ತೀರಿಕೊಂಡಿದ್ದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಂದೆಯ ತಾಯಿ ಬದುಕಿದ್ದರೆ ಆಕೆಯೂ ಸೇರಿ ಎಲ್ಲರಿಗೂ ಸಮಪಾಲು. ಅಜ್ಜಿ ಇಲ್ಲದ ಮನೆಯಲ್ಲಿ ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದರೆ ಪ್ರತಿಯೊಬ್ಬರಿಗೂ ನಾಲ್ಕನೆಯ ಒಂದು ಭಾಗ. ಮಗಳ ಮದುವೆಗೆ ಎಷ್ಟು ಖರ್ಚಾಗಿತ್ತು ಎಂಬುದು ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯ ಕಥೆ ಇನ್ನಷ್ಟು ಉದ್ದವಾದದ್ದು. ಕರ್ನಾಟಕವು ಕೇಂದ್ರಕ್ಕಿಂತ ಮೊದಲೇ ತನ್ನ ತಿದ್ದುಪಡಿಯ ಮೂಲಕ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಟ್ಟಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯಾದವರು, ಆಗದವರು ಎಂಬ ಭೇದವನ್ನು ತೆಗೆದುಹಾಕಿ ಮಗಳಿಗೆ ಮಗನಷ್ಟೇ ಹಕ್ಕು ನೀಡಿತು. ವಾಸದ ಮನೆಯಲ್ಲಿ ಗಂಡು ವಾರಸುದಾರರು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ವಿಭಾಗ ಕೇಳುವಂತಿಲ್ಲ ಎಂಬ ಹಳೆಯ ನಿರ್ಬಂಧವೂ ಆಗಲೇ ಹೋಯಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಪ್ರಶ್ನೆ ಮುಂದೆ ಬಹಳ ವರ್ಷ ಗೊಂದಲ ಉಂಟುಮಾಡಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಆ ದಿನ ಬದುಕಿರಬೇಕಾಗಿಲ್ಲ ಎಂದು ಹೇಳಿ ಆ ಗೊಂದಲಕ್ಕೆ ತೆರೆ ಎಳೆಯಿತು.

ಇದಕ್ಕೆ ಎರಡು ಮಿತಿಗಳಿವೆ, ಅವನ್ನು ಕಡೆಗಣಿಸುವಂತಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದ ಮೂಲಕ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಪಾಲು ಆಗಿದ್ದರೆ ಅದನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ಆ ದಿನಕ್ಕೆ ಮೊದಲು ಆದ ಮಾರಾಟಗಳನ್ನೂ ಅದು ಮುಟ್ಟುವುದಿಲ್ಲ. "ಬಾಯಿಮಾತಿನಲ್ಲಿ ಆಗಲೇ ಪಾಲಾಗಿತ್ತು" ಎಂಬ ವಾದವನ್ನು ಮಾತ್ರ ಸಾರ್ವಜನಿಕ ದಾಖಲೆಗಳ ಬಲವಾದ ಆಧಾರವಿಲ್ಲದೆ ಒಪ್ಪಲಾಗದು ಎಂದು ಅದೇ ತೀರ್ಪು ಹೇಳಿದೆ. ಎರಡನೆಯದಾಗಿ, ಅಜ್ಜನಿಂದ ಬಂದದ್ದೆಲ್ಲ ಪಿತ್ರಾರ್ಜಿತವೆಂದು ಭಾವಿಸಬಾರದು. ಅಜ್ಜನ ಸ್ವಂತ ಆಸ್ತಿಯು 1956ರ ನಂತರ ವಾರಸಿನ ಮೂಲಕ ತಂದೆಗೆ ಬಂದಿದ್ದರೆ ಅದು ತಂದೆಯ ವೈಯಕ್ತಿಕ ಆಸ್ತಿಯೆಂದೇ ಪರಿಗಣಿತವಾಗುತ್ತದೆ. ಈ ಸೂಕ್ಷ್ಮವನ್ನು ಮನೆಯ ಜಗಲಿಯ ಮೇಲೆ ಕುಳಿತು ತೀರ್ಮಾನಿಸಲು ಆಗದು. ಕಾಗದಗಳನ್ನು ಒಬ್ಬ ವಕೀಲರಿಗೆ ತೋರಿಸಲೇಬೇಕು.

ಎರಡನೆಯ ಹೆಜ್ಜೆ: ಯಾರಿಗೂ ಹೇಳದೆ ದಾಖಲೆ ಕೂಡಿಸುವುದು

ಇದು ಮೌನವಾಗಿಯೇ ಮಾಡಬೇಕಾದ ಕೆಲಸ. ಪಹಣಿ, ಮ್ಯುಟೇಷನ್ (ಅಂದರೆ ಕಂದಾಯ ದಾಖಲೆಯಲ್ಲಿ ಆದ ಹೆಸರು ಬದಲಾವಣೆಯ) ಪ್ರತಿಗಳು, ಋಣಭಾರ ಪತ್ರ ಇವೆಲ್ಲ ಯಾರು ಬೇಕಾದರೂ ಪಡೆಯಬಹುದಾದ ದಾಖಲೆಗಳಾಗಿರುವುದರಿಂದ ಅಣ್ಣನ ಅನುಮತಿ ಕೇಳುವ ಅಗತ್ಯವಿಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ಜಾಲತಾಣದಲ್ಲಿ ಪಹಣಿ ನೋಡಬಹುದು, ನಾಡಕಚೇರಿಯಲ್ಲಿ ಪ್ರತಿ ಪಡೆಯಬಹುದು. ಆಸ್ತಿ ಯಾರಿಂದ ಯಾರಿಗೆ ಯಾವ ಆಧಾರದ ಮೇಲೆ ಬಂತು ಎಂಬುದನ್ನು ಹಳೆಯ ಮ್ಯುಟೇಷನ್ ಪ್ರತಿ ಹೇಳುತ್ತದೆ. ಅದರ ಮೇಲೆ ಸಾಲವಾಗಲಿ, ಕ್ರಯವಾಗಲಿ, ನೋಂದಾಯಿತ ಕರಾರಾಗಲಿ ಆಗಿದೆಯೇ ಎಂಬುದನ್ನು ಉಪನೋಂದಣಿ ಕಚೇರಿಯಿಂದ ಅಥವಾ ಕಾವೇರಿ ಜಾಲತಾಣದಿಂದ ಸಿಗುವ ಋಣಭಾರ ಪತ್ರ, ಅಂದರೆ ಎಲ್ಲರೂ ಇಸಿ ಎಂದು ಕರೆಯುವ ಕಾಗದ, ತೋರಿಸುತ್ತದೆ. ಊರೊಳಗಿನ ಮನೆ, ನಿವೇಶನವಾಗಿದ್ದರೆ ಪಂಚಾಯಿತಿಯ ಇ-ಸ್ವತ್ತು ಖಾತೆಯನ್ನು ನೋಡಬೇಕು.

ಈ ಕಾಗದಗಳು ಕೈಗೆ ಬರುವ ಮೊದಲೇ ಮಾತೆತ್ತಿದರೆ ಸಂಭಾಷಣೆ ಅನುಮಾನದಿಂದ ಶುರುವಾಗುತ್ತದೆ. ನೀವು ಊಹೆಯ ಮೇಲೆ ಮಾತಾಡುತ್ತೀರಿ, ಅವರು ಕೋಪದಿಂದ ಉತ್ತರಿಸುತ್ತಾರೆ. ಕಾಗದ ನೋಡಿದ ಮೇಲೆ ಪಹಣಿಯಲ್ಲಿ ಇನ್ನೂ ತಂದೆಯ ಹೆಸರೇ ಇದೆ, ಯಾರೂ ಏನನ್ನೂ ಬದಲಿಸಿಲ್ಲ ಎಂದು ತಿಳಿದು ನೆಮ್ಮದಿಯಿಂದ ಸುಮ್ಮನಾಗುವ ಸಾಧ್ಯತೆಯೂ ಇದೆ.

ಮೂರನೆಯ ಹೆಜ್ಜೆ: ಸುಮ್ಮನಿರಬಹುದಾದ ಸಂದರ್ಭಗಳನ್ನು ಗುರುತಿಸುವುದು

ಅಣ್ಣ ಜಮೀನು ಉಳುತ್ತಿದ್ದಾನೆ, ಫಸಲು ಅವನೇ ತೆಗೆದುಕೊಳ್ಳುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ತಂಗಿಯ ಪಾಲು ಹೋಗುವುದಿಲ್ಲ. ಜಂಟಿ ಹಕ್ಕುದಾರರಲ್ಲಿ ಒಬ್ಬರ ಸ್ವಾಧೀನ ಎಲ್ಲರ ಪರವಾದ ಸ್ವಾಧೀನವೆಂದೇ ಕಾನೂನು ನೋಡುತ್ತದೆ. ಪಾಲಿನಿಂದ ಹೊರಗಿಡಲಾಗಿದೆ ಎಂಬುದು ನಿಮಗೆ ತಿಳಿದ ದಿನದಿಂದ ಮಾತ್ರ ಅವಿಭಕ್ತ ಆಸ್ತಿಯಲ್ಲಿ ಪಾಲು ಕೇಳುವ ದಾವೆಗೆ 12 ವರ್ಷಗಳ ಕಾಲಮಿತಿ ಶುರುವಾಗುತ್ತದೆ. ಅಂದರೆ ಎಲ್ಲರೂ ಪ್ರೀತಿಯಿಂದಿರುವ, ಯಾರೂ ಯಾರ ಹಕ್ಕನ್ನೂ ಅಲ್ಲಗಳೆಯದ ಮನೆಯಲ್ಲಿ ವರ್ಷಗಟ್ಟಲೆ ಸುಮ್ಮನಿರುವುದರಿಂದ ಅಷ್ಟಾಗಿ ಅಪಾಯವಿಲ್ಲ.

ಇದಕ್ಕೆ ಇನ್ನೊಂದು ಮುಖವಿದೆ. ನೀವು ಪಾಲು ಕೇಳಿದಾಗ "ನಿನಗೆ ಇಲ್ಲಿ ಏನೂ ಇಲ್ಲ" ಎಂದು ಸ್ಪಷ್ಟ ಉತ್ತರ ಬಂದರೆ ಕಾಲದ ಎಣಿಕೆ ಅಂದಿನಿಂದಲೇ ಶುರುವಾಯಿತೆಂದು ಅವರು ಮುಂದೆ ವಾದಿಸಬಹುದು. ಹಾಗಾಗಿ ಮುಂದಿನ ಹೆಜ್ಜೆಯ ತಯಾರಿಯಿಲ್ಲದೆ, ಸಿಟ್ಟಿನ ಭರದಲ್ಲಿ ಕೇಳಿ, "ಇಲ್ಲ" ಎನ್ನಿಸಿಕೊಂಡು, ಅತ್ತು ಮನೆಗೆ ಬಂದು ಮತ್ತೆ ವರ್ಷಗಟ್ಟಲೆ ಸುಮ್ಮನಾಗುವುದು ಎಲ್ಲ ದಾರಿಗಳಲ್ಲಿ ಅತ್ಯಂತ ನಷ್ಟದ್ದು. ಕೇಳದೆ ಇರುವುದಕ್ಕಿಂತಲೂ ಅದು ಕೆಟ್ಟದ್ದು.

ಸಾವಿನ ಮನೆಯಲ್ಲಿ, ಹನ್ನೊಂದನೆಯ ದಿನದ ಕಾರ್ಯ ಮುಗಿಯುವವರೆಗೆ ಈ ಮಾತು ಬೇಡ. ಕಾನೂನಿನಲ್ಲಿ ಅಷ್ಟು ದಿನದಿಂದ ಏನೂ ಕೆಡುವುದಿಲ್ಲ, ಆದರೆ ಆ ದಿನಗಳಲ್ಲಿ ಆಡಿದ ಮಾತನ್ನು ನೆಂಟರು ತಲೆಮಾರುಗಳವರೆಗೆ ನೆನಪಿಡುತ್ತಾರೆ. ತಾಯಿ ಆಸ್ಪತ್ರೆಯಲ್ಲಿರುವಾಗ, ಅಣ್ಣನ ಮಗಳ ಮದುವೆ ನಿಶ್ಚಯವಾಗಿರುವಾಗ, ಬೆಳೆ ಕೈಕೊಟ್ಟು ಸಾಲದವರು ಮನೆ ಬಾಗಿಲಿಗೆ ಬಂದಿರುವಾಗ ಕೂಡ ಕಾಯುವುದೇ ಸರಿ. ಇನ್ನು, ತಾಯಿಯನ್ನು ಕೊನೆಯವರೆಗೆ ನೋಡಿಕೊಂಡ ತಮ್ಮನಿಗೆ ಅರ್ಧ ಎಕರೆಯ ಪಾಲನ್ನು ಮನಸಾರೆ ಬಿಟ್ಟುಕೊಡಬೇಕೆಂದು ನಿಮಗೇ ಅನ್ನಿಸಿದರೆ ಅದು ದೌರ್ಬಲ್ಯವಲ್ಲ. ಒತ್ತಾಯದಿಂದ ಬಿಡುವುದಕ್ಕೂ ತಿಳಿದು ಬಿಡುವುದಕ್ಕೂ ಬಹಳ ಅಂತರವಿದೆ, ಮತ್ತು ಆ ಅಂತರವನ್ನು ನೀವೊಬ್ಬರೇ ಬಲ್ಲಿರಿ.

ನಾಲ್ಕನೆಯ ಹೆಜ್ಜೆ: ಒಂದು ದಿನವೂ ಸುಮ್ಮನಿರಬಾರದ ಸಂದರ್ಭಗಳು

ಸಹಿ ಕೇಳಿದಾಗ ಮೌನ ಸಲ್ಲದು. "ಸುಮ್ಮನೆ ಒಂದು ಸಹಿ, ಖಾತೆ ಮಾಡಿಸೋದಕ್ಕೆ" ಎಂದು ಹೇಳಿ ಉಪನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ, ಅಂದರೆ ರಿಲೀಸ್ ಡೀಡಿಗೆ, ಸಹಿ ಹಾಕಿಸಿಕೊಳ್ಳುವುದು ಈ ರಾಜ್ಯದಲ್ಲಿ ಹೊಸದೇನಲ್ಲ. ನೋಂದಣಿಯಾದ ಮೇಲೆ ಮನಸ್ಸು ಬದಲಾಯಿತೆಂಬ ಕಾರಣಕ್ಕೆ ಅದು ರದ್ದಾಗುವುದಿಲ್ಲ. ಮೋಸದಿಂದ ಮಾಡಿಸಿಕೊಂಡದ್ದೆಂದು ಸಾಬೀತುಪಡಿಸಬೇಕು, ಅದೂ ಮೋಸ ತಿಳಿದ ದಿನದಿಂದ 3 ವರ್ಷಗಳೊಳಗೆ ದಾವೆ ಹೂಡಬೇಕು. ಓದಿದವರಿಗೂ ಇದು ತಪ್ಪಿದ್ದಲ್ಲ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ತಂಗಿಗೆ ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರದ, ನಮೂನೆ ಕಳಿಸಿ, ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸೆಂದು ಕೇಳುವುದುಂಟು. ಆ ಕಾಗದದಲ್ಲಿ ಮಾರುವ, ದಾನ ಕೊಡುವ, ಹಕ್ಕು ಬಿಡುವ ಅಧಿಕಾರಗಳೆಲ್ಲ ಸೇರಿವೆಯೇ ಎಂದು ಸಾಲು ಸಾಲಾಗಿ ಓದಿ, ಯಾವ ಕೆಲಸಕ್ಕೆ ಬೇಕೋ ಅಷ್ಟೇ ಅಧಿಕಾರ ಕೊಡಬೇಕು. ಖಾಲಿ ಛಾಪಾ ಕಾಗದಕ್ಕೆ, ಯಾರೇ ಕೇಳಿದರೂ, ಸಹಿ ಹಾಕಬಾರದು.

ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹೋಗಿ, ಅದರೊಂದಿಗೆ ಕೊಟ್ಟ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲದಿದ್ದರೆ ಕೂಡಲೇ ಲಿಖಿತ ತಕರಾರು ಸಲ್ಲಿಸಬೇಕು. ಮ್ಯುಟೇಷನ್‌ಗೆ ಮುನ್ನ ಹೊರಡುವ ನೋಟಿಸಿನಲ್ಲಿ ಹೇಳಿದ ಅವಧಿಯೊಳಗೆ ತಕರಾರು ಬಂದರೆ ಅದು ವಿವಾದಿತ ಪ್ರಕರಣವಾಗಿ ವಿಚಾರಣೆಗೆ ಹೋಗುತ್ತದೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರೂ ಮಾಲೀಕರಾಗುವುದಿಲ್ಲ ಎಂಬುದು ನಿಜ, ನ್ಯಾಯಾಲಯಗಳು ಇದನ್ನು ಮತ್ತೆ ಮತ್ತೆ ಹೇಳಿವೆ. ಆದರೂ ಒಬ್ಬರ ಹೆಸರು ಮಾತ್ರ ಇರುವ ಪಹಣಿ ಹಿಡಿದು ಸಾಲ ತರುವುದು, ಕೊಳ್ಳುವವರನ್ನು ನಂಬಿಸುವುದು ಬಹಳ ಸುಲಭವಾಗುವುದರಿಂದ ಇಲ್ಲಿ ತಡೆದರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ.

ಜಮೀನಿಗೆ ಯಾರೋ ಮುಂಗಡ ಕೊಟ್ಟಿದ್ದಾರೆ ಎಂಬ ಸುದ್ದಿ ಬಂದರೆ ಹಬ್ಬವಿದ್ದರೂ ಮದುವೆಯಿದ್ದರೂ ಕಾಯಬಾರದು. ನಿಮ್ಮ ಸಹಿಯಿಲ್ಲದೆ ಅಣ್ಣ ಮಾರಿದರೆ ನಿಮ್ಮ ಪಾಲು ಕೊಳ್ಳುವವರಿಗೆ ಹೋಗುವುದಿಲ್ಲವಾದರೂ, ಮೂರನೆಯವರು ಬಂದು ಬೇಲಿ ಹಾಕಿದ ಮೇಲೆ ಮನೆಯೊಳಗಿನ ಮಾತು ಊರಿನ ವ್ಯಾಜ್ಯವಾಗಿಬಿಡುತ್ತದೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ "ಎಲ್ಲರೂ ಒಪ್ಪಿದ್ದಾರೆ, ಮಾರ್ತಾ ಇದ್ದೀವಿ" ಎಂಬ ಸಂದೇಶ ಬಂದಾಗಲೂ ಒಂದು ಸಾಲಾದರೂ ಉತ್ತರ ಬರೆಯಬೇಕು: "ನಾನು ಇನ್ನೂ ಒಪ್ಪಿಗೆ ಕೊಟ್ಟಿಲ್ಲ, ಮಾತಾಡೋಣ."

ನಾಲ್ಕನೆಯದು ತಾಯಿಯ ವಿಷಯ, ಇದು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ತನ್ನ ಪಾಲನ್ನು ಬಿಟ್ಟುಕೊಟ್ಟು ತುತ್ತಿಗೆ ಮಕ್ಕಳ ಮುಖ ನೋಡುವ ಸ್ಥಿತಿಗೆ ತಾಯಿ ಬಂದಿದ್ದರೆ ಮಗಳು ತನ್ನ ಪಾಲಿನ ಬಗ್ಗೆ ಸುಮ್ಮನಿದ್ದರೂ ತಾಯಿಯ ಬಗ್ಗೆ ಸುಮ್ಮನಿರಬಾರದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ಆ ಷರತ್ತು ಮುರಿದಾಗ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನಡಿ ರದ್ದುಪಡಿಸಲು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಆ ಷರತ್ತನ್ನು ಪತ್ರದಲ್ಲೇ ಬರೆಸಿರುವುದು ಮುಖ್ಯ.

ಐದನೆಯ ಹೆಜ್ಜೆ: ಮಾತಾಡುವುದು

ಮೊದಲ ಮಾತು ಅಣ್ಣ ಅಥವಾ ತಮ್ಮನೊಂದಿಗೇ ಆಗಬೇಕು, ಅದೂ ಅವರೊಬ್ಬರೇ ಇರುವಾಗ. ಅತ್ತಿಗೆಯ ಮೂಲಕ ಹೇಳಿಕಳಿಸಿದ ಮಾತು ಬೇರೆಯದೇ ಆಗಿ ತಲುಪುತ್ತದೆ. ನಿಮ್ಮ ಯಜಮಾನರು ಆ ಮಾತುಕತೆಯಲ್ಲಿ ಕೂರದಿರುವುದು ಒಳ್ಳೆಯದು. ಅವರು ಬಾಯಿ ಬಿಟ್ಟ ಕ್ಷಣದಿಂದ ಅಣ್ಣತಂಗಿಯರ ವಿಷಯ ಅಳಿಯ ಮತ್ತು ತವರಿನ ನಡುವಿನ ಮಾನದ ಪ್ರಶ್ನೆಯಾಗುತ್ತದೆ. ಅಣ್ಣನ ಮನೆಯಲ್ಲಿ ಊಟಕ್ಕೆ ಕುಳಿತಾಗ ಮಾತೆತ್ತಬೇಡಿ. ಮೊದಲೇ ಫೋನ್ ಮಾಡಿ "ಅಣ್ಣ, ಜಮೀನಿನ ವಿಷಯ ಸ್ವಲ್ಪ ಮಾತಾಡಬೇಕಿತ್ತು, ನಿನಗೆ ಯಾವತ್ತು ಬಿಡುವು?" ಎಂದು ಕೇಳಿದರೆ ಆತನಿಗೂ ಯೋಚಿಸಲು ಸಮಯ ಸಿಗುತ್ತದೆ.

ಮಾತಿನಲ್ಲಿ ಹಳೆಯದನ್ನೆಲ್ಲ ತೆಗೆಯಬಾರದು. ನಿನ್ನನ್ನು ಓದಿಸಿದರು, ನನ್ನನ್ನು ಓದಿಸಲಿಲ್ಲ ಎಂಬುದು ಸತ್ಯವೇ ಇರಬಹುದು, ಆದರೆ ಅದಕ್ಕೆ ಇವತ್ತು ಉತ್ತರ ಕೊಡಲು ಅಣ್ಣನಿಂದ ಆಗದು. ಏನು ಬೇಕೋ ಅದನ್ನಷ್ಟೇ ಹೇಳಬೇಕು: "ಜಮೀನು ನೀನೇ ನೋಡಿಕೊಂಡು ಹೋಗು ಅಣ್ಣ, ಅದಕ್ಕೆ ನನ್ನ ಅಡ್ಡಿಯಿಲ್ಲ. ಖಾತೆ ಮಾಡಿಸುವಾಗ ಅಮ್ಮನ ಹೆಸರೂ ನನ್ನ ಹೆಸರೂ ಸೇರಲಿ. ಸಹಿ ಬೇಕಾದ ಕಾಗದ ಇದ್ದರೆ ವಾರ ಮೊದಲೇ ಕಳಿಸು, ಓದಿ ಹೇಳ್ತೀನಿ." ಮದುವೆಯ ಖರ್ಚಿನ ಮಾತು ಖಂಡಿತ ಬರುತ್ತದೆ. ಆಗ ಜಗಳಕ್ಕೆ ಇಳಿಯದೆ, "ಅಪ್ಪ ಮಾಡಿದ್ದು ನನಗೆ ಮರೆತಿಲ್ಲ. ಆದರೆ ಅದು ಪಾಲಿನ ಬದಲಿಗೆ ಕೊಟ್ಟದ್ದಲ್ಲ ಅಣ್ಣ" ಎಂದು ಒಮ್ಮೆ ಹೇಳಿ ನಿಲ್ಲಿಸಬೇಕು. ಅದನ್ನೇ ಹತ್ತು ಸಲ ಹೇಳಿದರೆ ಅದರ ಬಲ ಕಡಿಮೆಯಾಗುತ್ತದೆ.

ಪಾಲಿಗೆ ಬದಲಾಗಿ ಹಣ ಕೊಡುವುದಾಗಿ ಅವರು ಹೇಳಿದರೆ ಕೂಡಲೇ ಒಪ್ಪಬೇಡಿ, ಕೂಡಲೇ ತಿರಸ್ಕರಿಸಲೂಬೇಡಿ. ಆ ಸರ್ವೆ ನಂಬರಿನ ಸುತ್ತಲಿನ ಮಾರುಕಟ್ಟೆ ಬೆಲೆ ವಿಚಾರಿಸಿ. ಕೊಡುವ ಹಣದ ಮೊತ್ತವನ್ನು ಬಿಡುಗಡೆ ಪತ್ರದಲ್ಲೇ ನಮೂದಿಸಬೇಕು, ನೋಂದಣಿಯ ದಿನವೇ ಅದು ಬ್ಯಾಂಕಿನ ಮೂಲಕ ಕೈಸೇರಬೇಕು. "ಮನೆಯವರ ನಡುವೆ ಯಾಕೆ ಇದೆಲ್ಲ" ಎಂಬ ಮಾತಿಗೆ ಇಲ್ಲಿ ಮಣಿಯಬೇಡಿ.

ಆರನೆಯ ಹೆಜ್ಜೆ: ಮಾತು ಮುರಿದಾಗ

ಸೋದರಮಾವನೋ ಎರಡೂ ಕಡೆಯವರು ಗೌರವಿಸುವ ಹಿರಿಯರೋ ಇದ್ದರೆ ಅವರ ಮುಂದೆ ಒಮ್ಮೆ ಕೂರಬಹುದು. ಅಲ್ಲಿ ಆದ ಒಪ್ಪಂದವನ್ನು ಬಿಳಿಹಾಳೆಯ ಮೇಲೆ ಬರೆದು ಎಲ್ಲರೂ ಸಹಿ ಮಾಡಿ ಮುಗಿಯಿತೆಂದುಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಸ್ಥಿರಾಸ್ತಿಯನ್ನು ಹಂಚುವ ಪಾಲುಪಟ್ಟಿ ನೋಂದಣಿಯಾಗಬೇಕು. ನೋಂದಣಿಯಿಲ್ಲದ ಕಾಗದ ಮುಂದೆ ನ್ಯಾಯಾಲಯದಲ್ಲಿ ಆಧಾರವಾಗಿ ನಿಲ್ಲುವುದು ಕಷ್ಟ.

ಹಿರಿಯರ ಮಾತೂ ನಡೆಯದಿದ್ದರೆ ವಕೀಲರ ನೋಟಿಸು, ಅನಂತರ ವಿಭಾಗ ದಾವೆ. ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅಥವಾ 15100 ಸಹಾಯವಾಣಿಯಲ್ಲಿ ಕೇಳಬಹುದು. ನ್ಯಾಯಾಲಯದ ಶುಲ್ಕದ ವಿಷಯದಲ್ಲಿ ಒಂದು ಸಂಗತಿ ತಿಳಿದಿರಲಿ. ನೀವು ಇನ್ನೂ ಜಂಟಿ ಸ್ವಾಧೀನದಲ್ಲಿದ್ದೀರಿ ಎಂದಾದರೆ ಕರ್ನಾಟಕದ 1958ರ ಕಾಯ್ದೆಯ ಪ್ರಕಾರ ಶುಲ್ಕ ನಿಗದಿತ ಸಣ್ಣ ಮೊತ್ತ. ನಿಮ್ಮನ್ನು ಸ್ವಾಧೀನದಿಂದ ಹೊರಹಾಕಲಾಗಿದೆ ಎಂದಾದರೆ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಲೆಕ್ಕ. ಆದ್ದರಿಂದ ಸಿಟ್ಟಿನಲ್ಲಿ "ನನ್ನನ್ನು ಪೂರ್ತಿ ಹೊರಗಟ್ಟಿದರು" ಎಂದು ನೋಟಿಸಿನಲ್ಲಿ ಬರೆಸುವ ಮುನ್ನ ಅದು ನಿಜವೇ ಎಂದು ವಕೀಲರೊಂದಿಗೆ ಸರಿಯಾಗಿ ಮಾತಾಡಿ.

ದಾವೆ ಹೂಡಿದ ದಿನ ಸಂಬಂಧ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ದಾವೆ ನಡೆಯುತ್ತಿರುವಾಗ ಅಣ್ಣ ಯಾರಿಗಾದರೂ ಮಾರಿದರೆ ಕೊಂಡವರೂ ಅಂತಿಮ ತೀರ್ಪಿಗೆ ಬದ್ಧರಾಗುತ್ತಾರೆ, ಹಾಗಾಗಿ ಆಸ್ತಿಯ ಬಗೆಗಿನ ಆತಂಕ ಒಂದಿಷ್ಟು ಇಳಿಯುತ್ತದೆ. ಆತಂಕ ಇಳಿದಾಗಲೇ ರಾಜಿ ಸುಲಭ. ಬೆಂಗಳೂರಿನಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರ ಕೆಲಸ ಮಾಡುತ್ತಿದೆ. ಜಿಲ್ಲೆಗಳಲ್ಲೂ ನ್ಯಾಯಾಲಯಗಳು ಇಂಥ ಪ್ರಕರಣಗಳನ್ನು ಮಧ್ಯಸ್ಥಿಕೆಗೆ ಕಳಿಸುತ್ತವೆ. ಅಲ್ಲಿ ವಕೀಲರ ವಾದಕ್ಕಿಂತ ಅಣ್ಣತಂಗಿಯರ ಮಾತಿಗೆ ಹೆಚ್ಚು ಜಾಗ ಇರುತ್ತದೆ, ಮತ್ತು ಅಲ್ಲಿ ಆಡಿದ್ದನ್ನು ಮುಂದೆ ನ್ಯಾಯಾಲಯದಲ್ಲಿ ನಿಮ್ಮ ವಿರುದ್ಧ ಬಳಸುವಂತಿಲ್ಲವಾದ್ದರಿಂದ ಮನೆಯಲ್ಲಿ ಹೇಳಲಾಗದೆ ಉಳಿದದ್ದನ್ನೂ ಅಲ್ಲಿ ಹೇಳಬಹುದು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ಮರಳಿ ಬರುತ್ತದೆ, ಆ ಆದೇಶದ ಮೇಲೆ ಯಾರೂ ಮೇಲ್ಮನವಿ ಹೋಗುವಂತಿಲ್ಲ. ರಾಜಿಪತ್ರಕ್ಕೆ ಸಹಿ ಮಾಡುವ ಮೊದಲು ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ, ಯಾವ ದಿಕ್ಕಿನ ಭಾಗ, ದಾರಿ ಎಲ್ಲಿ, ಬಾವಿಯ ನೀರಿನ ಸರದಿ ಹೇಗೆ ಎಂಬುದು ನಕ್ಷೆಯ ಸಮೇತ ಅದರಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಡಿಕ್ರಿ ಬಂದ ಮೇಲೆ ಅದರ ಪ್ರತಿಯನ್ನು ತಾಲೂಕು ಕಚೇರಿಗೆ ಕೊಟ್ಟು ನಿಮ್ಮ ಹೆಸರಿಗೆ ಪಹಣಿ ಮಾಡಿಸಿಕೊಳ್ಳುವ ಕೆಲಸ ಬಾಕಿ ಇರುತ್ತದೆ.